ವಲ್ಲಿಯ ಕೆಳಗೆ ನಿದ್ದೆಹೋದ ಬೆರಳುಗಳು

ಆಳಂದ, ಅಫಜಲಪುರ, ಜೇವರ್ಗಿ. ಈ ಮೂರು ದನದ ಸಂತೆಗಳಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುವವರು ಹೆಜ್ಜೆಗೊಬ್ಬರು ಸಿಗುತ್ತಾರೆ. ಮೈಮೇಲಿನ ಸುಳಿ ನೋಡಿ ಕೊಂಡವನ ಭವಿಷ್ಯ ಹೇಳುವವರು ಅದಕ್ಕಿಂತ ಹೆಚ್ಚು. ಆದರೆ ಹೆಗಲ ವಸ್ತ್ರವಾದ ವಲ್ಲಿಯ ಕೆಳಗೆ ಕೈಯಿಟ್ಟು, ಎದುರಿನವನ ಮುಖ ನೋಡದೆ, ದೂರದ ಬೇವಿನ ಮರವನ್ನು ದಿಟ್ಟಿಸುತ್ತ, ನಡುವೆ ಒಂದು ಸೊಗಸಾದ ಆಕಳಿಕೆಯನ್ನೂ ತೆಗೆದು, ಜೋಡೆತ್ತಿನ ಬೆಲೆ ತೀರ್ಮಾನಿಸಬಲ್ಲ ದಲಾಲರು ಹನ್ನೆರಡೇ ಜನ. ಆ ಹನ್ನೆರಡು ಮಹಾರಥಿಗಳಲ್ಲಿ ನರೋಣಾದ ಅಮೋಘಸಿದ್ದನ ಬಲಗೈಗೆ ಸಮನಾದ ಆಯುಧ ಇನ್ನೊಂದಿಲ್ಲವೆಂದು ಉಳಿದ ಹನ್ನೊಂದು ಜನರೂ, ಅವನಿಲ್ಲದಾಗ, ಒಪ್ಪುತ್ತಿದ್ದರು.

ಈ ಯುದ್ಧಕ್ಕೆ ಶಬ್ದವಿಲ್ಲ. ಮಾರುವವನ ಕಡೆಗೆ ಒಬ್ಬ ದಲಾಲ, ಕೊಳ್ಳುವವನ ಕಡೆಗೆ ಇನ್ನೊಬ್ಬ. ಇಬ್ಬರೂ ಬಲಗೈ ಚಾಚುತ್ತಾರೆ. ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಕೈಗಳ ಮೇಲೆ ಹೊದಿಸುತ್ತಾರೆ. ಒಳಗೆ ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಬೆರಳಿನ ನಡುಗೆಣ್ಣು ಒತ್ತಿದರೆ ಅರ್ಧ. ಸುತ್ತ ನಿಂತ ನೂರು ಜನಕ್ಕೆ ಕಾಣುವುದು ಸಣ್ಣಗೆ ಅಲುಗಾಡುವ ಒಂದು ಬಟ್ಟೆ ಮಾತ್ರ. ಈಗ ಎತ್ತಿನ ವಿಡಿಯೊ ಮೊಬೈಲಿನಲ್ಲಿ ಓಡಾಡುತ್ತದೆ, ಹಣವೂ ಮೊಬೈಲಿನಲ್ಲೇ ಹೋಗುತ್ತದೆ. ಬೆಲೆ ಮಾತ್ರ ಇನ್ನೂ ಬಟ್ಟೆಯ ಕೆಳಗೇ ಹುಟ್ಟಬೇಕು.

ಅಮೋಘಸಿದ್ದನ ಅಪ್ಪನೂ ದಲಾಲನೇ. ಮಗನನ್ನು ಅವನು ಶಾಲೆಗೆ ಕಳಿಸಿದ್ದು ಖರೆ, ಆದರೆ ನಿಜವಾದ ಪಾಠ ನಡೆದದ್ದು ಮನೆಯ ಕರಿ ಕಂಬಳಿಯ ಕೆಳಗೆ. ಅಪ್ಪ ಕಂಬಳಿಯೊಳಗೆ ಕಾಳು ಸುರಿದು, ಇದರಲ್ಲಿ ಜೋಳ ಎಷ್ಟು, ತೊಗರಿ ಎಷ್ಟು ಎಂದು ಕೇಳುತ್ತಿದ್ದ. ತಪ್ಪಿದರೆ ಊಟ ತಡವಾಗುತ್ತಿತ್ತು. ಹೀಗೆ ಹಸಿವಿನಿಂದ ಸಾಣೆ ಹಿಡಿದ ಬೆರಳುಗಳು ಮೂವತ್ತು ವರ್ಷ ಮೂರು ತಾಲೂಕುಗಳನ್ನು ಆಳಿದವು. ಎದುರಾಳಿ ಬೆರಳು ಹಿಡಿಯುವ ಮೊದಲೇ, ಅವನ ಅಂಗೈ ಬೆವರಿನಿಂದ ಅವನು ಇನ್ನೆಷ್ಟು ಏರುತ್ತಾನೆಂದು ಅಮೋಘಸಿದ್ದನಿಗೆ ತಿಳಿದುಬಿಡುತ್ತಿತ್ತು.

ಆಮೇಲೆ ಹೋದ ಚಳಿಗಾಲದಲ್ಲಿ, ಆಳಂದದ ಸಂತೆಯಲ್ಲಿ, ಒಂದು ಥಂಡಿ ಮುಂಜಾನೆ, ಅವನು ಮೂರು ಬೆರಳನ್ನು ಎರಡೆಂದು ತಿಳಿದ.

ಅದೇನು ಮಹಾ ಅನಾಹುತವಾಗಿರಲಿಲ್ಲ. ಥಂಡಿಗೆ ಯಾರ ಕೈಯಾದರೂ ಜಡವಾಗುತ್ತದೆ. ಎರಡೂ ಕಡೆಯವರು ನಕ್ಕು, ಮತ್ತೆ ಕೈ ಹಿಡಿದು, ಬೆಲೆ ಸರಿ ಮಾಡಿಕೊಂಡು ಚಹಾ ಕುಡಿದರು. ನಗದೇ ಉಳಿದವನು ಅಮೋಘಸಿದ್ದ ಒಬ್ಬನೇ. ಐವತ್ತನಾಲ್ಕು ವಯಸ್ಸಿಗೆ ಬೇರೆಯವರಿಗೆ ಬರುವ ಚಿಂತೆಗಳೆಲ್ಲ, ಅಂದರೆ ಮೊಣಕಾಲು, ಕಣ್ಣಿನ ಪೊರೆ, ಸಕ್ಕರೆ, ಇವನನ್ನು ಬಿಟ್ಟು ಹೋಗಿದ್ದವು. ಅವೆಲ್ಲದರ ಪಾಲಿನ ಚಿಂತೆ ಈಗ ಒಟ್ಟಾಗಿ ಐದು ಬೆರಳಿನ ಮೇಲೆ ಬಂದು ಕುಳಿತಿತು. ಬೆರಳು ಮಲಗಾಕತ್ತದ, ಎಂದುಕೊಂಡ. ಮಲಗಿದ್ದನ್ನು ಎಬ್ಬಿಸುವುದು ಹೇಗೆ? ಬಿಸಿ ಮುಟ್ಟಿಸಿ.

ಔಷಧಿಯನ್ನು ಅವನೇ ಕಂಡುಹಿಡಿದ. ಕುಸುಬಿ ಎಣ್ಣೆ, ಅದರಲ್ಲಿ ಒಂದು ಮುಷ್ಟಿ ಲವಂಗ, ಎಂಟು ಒಣ ಮೆಣಸಿನಕಾಯಿ. ಹಿತ್ತಲಲ್ಲಿ ಕಲ್ಲಿನ ಒಲೆ ಹೂಡಿ ಕುದಿಸಿದ. ಓಣಿಯ ನಾಯಿಗಳೆಲ್ಲ ಸೀನುತ್ತ ಊರ ಹೊರಗೆ ಹೋದವು. ಹೆಂಡತಿ ನಿಂಬೆವ್ವ ಮೂಗಿಗೆ ಸೆರಗು ಹಿಡಿದುಕೊಂಡು ಬಂದು ಏನಿದು ಎಂದು ಕೇಳಿದಾಗ, ಎತ್ತಿನ ಕೋಡಿಗೆ ಹಚ್ಚುವ ಎಣ್ಣೆ ಎಂದ. ಮನೆಯಲ್ಲಿ ಎತ್ತೇ ಇರಲಿಲ್ಲ. ನಿಂಬೆವ್ವ ಗಂಡನ ಮುಖವನ್ನೂ ಬಾಣಲೆಯನ್ನೂ ಒಂದೊಂದು ಸಲ ನೋಡಿ, ಇಷ್ಟು ವರ್ಷದ ಸಂಸಾರದಲ್ಲಿ ಕಲಿತ ಪ್ರಕಾರ, ಬಾಣಲೆಯ ಬಗ್ಗೆ ಮಾತ್ರ ಮಾತಾಡಿದಳು. ಅದನ್ನು ಮತ್ತೆ ಒಳಗೆ ತರಬಾರದು ಎಂದಳು.

ಅಂದಿನಿಂದ ಸಂತೆಯ ದಿನ ಬಸ್ಸಿನಲ್ಲಿ ಕೂತಕೂಡಲೇ ಅವನು ಅಂಗಿಯ ಒಳಜೇಬಿನಿಂದ ಬಾಟಲಿ ತೆಗೆದು, ಬಲಗೈಗೆ ಸುರಿದು ತಿಕ್ಕಿ, ವಲ್ಲಿಯಲ್ಲಿ ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದ. ಬೆರಳುಗಳು ಕೆಂಡ ಹಿಡಿದಂತೆ ಉರಿಯುತ್ತಿದ್ದವು. ಎದ್ದವು, ಎಂದು ಅವನಿಗೆ ಸಮಾಧಾನ. ಸಂತೆಗೆ ಮುಟ್ಟುವ ಹೊತ್ತಿಗೆ ಉರಿ ಇಳಿದು ತಣ್ಣಗಾಗಿರುತ್ತಿತ್ತು. ಮದ್ದು ಒಳಗೆ ಇಳಿಯಿತು, ಎಂದು ಇನ್ನೂ ಸಮಾಧಾನ. ಆಮೇಲೆ ವಲ್ಲಿಯ ಕೆಳಗೆ ಕೈಯಿಟ್ಟು, ನಾಲ್ಕನ್ನು ಮೂರೆಂದು, ಎರಡನ್ನು ಎರಡೂವರೆಯೆಂದು ಓದುತ್ತಿದ್ದ.

ಮೂರು ತಿಂಗಳಲ್ಲಿ ಅವನಿಗೆ ಎರಡು ಹೆಸರು ಬಂದವು. ಮೊದಲನೆಯದು ಕೀರ್ತಿ. ಅಮೋಘಸಿದ್ದನ ಎದುರು ವ್ಯಾಪಾರಕ್ಕೆ ನಿಂತ ದಲಾಲರು ಕೈ ಬಿಡಿಸಿಕೊಂಡು ಹೋದಮೇಲೆ ಕಣ್ಣೊರೆಸಿಕೊಳ್ಳುತ್ತಿದ್ದರು. ಒರೆಸಿದಷ್ಟೂ ಧಾರಾಕಾರವಾಗಿ ಅಳುತ್ತಿದ್ದರು. ಮನುಷ್ಯನನ್ನು ಬೆರಳಿನಿಂದಲೇ ಅಳಿಸುತ್ತಾನೆ ಎಂದು ರೈತರು ಬೆರಗಿನಿಂದ ಹೇಳಿಕೊಂಡರು. ಎರಡನೆಯದು ಅಪಕೀರ್ತಿ. ಅವನು ಮುಗಿಸಿದ ವ್ಯವಹಾರಗಳು ಹಗ್ಗ ಕೈ ಬದಲಾಗುವ ಹೊತ್ತಿಗೆ ಜಗಳವಾಗುತ್ತಿದ್ದವು. ಮಾರುವವನ ಕಿವಿಗೆ ಬಿದ್ದ ಬೆಲೆ ಒಂದು, ಕೊಳ್ಳುವವನ ಕಿವಿಗೆ ಬಿದ್ದದ್ದು ಇನ್ನೊಂದು. ಕಡೆಗೆ ದಲಾಲರಲ್ಲೇ ಹಿರಿಯನಾದ ಗುರುಲಿಂಗಪ್ಪ, ಅಫಜಲಪುರದ ಸಂತೆಯಲ್ಲಿ ಅವನನ್ನು ಬದಿಗೆ ಕರೆದ.

“ನೋಡಪಾ, ನಿಮ್ಮಪ್ಪನ ಕೈಯಾಗ ಕೈಯಿಟ್ಟವ ನಾ. ಅದಕ್ಕ ಹೇಳಾಕತ್ತೇನಿ. ಇನ್ನೊಂದು ತಪ್ಪಾತು ಅಂದ್ರ ಮೂರೂ ಸಂತ್ಯಾಗ ನಿನಗ ಯಾರೂ ಕೈ ಕೊಡೂದಿಲ್ಲ.”

ದಲಾಲನಿಗೆ ಕೈ ಕೊಡದಿದ್ದರೆ ಅವನು ಸಂತೆಯಲ್ಲಿ ನಿಂತ ಒಬ್ಬ ಮನುಷ್ಯ ಮಾತ್ರ. ಬರೀ ಮನುಷ್ಯನಾಗಿ ನಿಂತು ಅಮೋಘಸಿದ್ದನಿಗೆ ಅಭ್ಯಾಸವಿರಲಿಲ್ಲ.

ವಿಚಿತ್ರವೆಂದರೆ, ಮನೆಯಲ್ಲಿ ಬೆರಳು ಸರಿಯಿತ್ತು. ಸಂತೆಯಿಲ್ಲದ ದಿನ ಅವನು ಕಣ್ಣು ಮುಚ್ಚಿ ಕೀಲಿಕೈ, ಗುಂಡಿ, ಹುಣಸೆಬೀಜ, ತೊಗರಿಕಾಳು ಎಲ್ಲವನ್ನೂ ಮುಟ್ಟಿ ನೋಡುತ್ತಿದ್ದ. ಒಂದೂ ತಪ್ಪುತ್ತಿರಲಿಲ್ಲ. ಸಂತೆಗೆ ಹೋದರೆ ಮತ್ತೆ ಅದೇ ಕಥೆ. ಕದ್ದು ಕಲಬುರಗಿಗೆ ಹೋಗಿ ನರದ ಡಾಕ್ಟರಿಗೆ ತೋರಿಸಿದ. ಎಣ್ಣೆಯ ವಿಚಾರ ಹೇಳಲಿಲ್ಲ. ಅದು ಔಷಧಿಯೆಂದು ಅವನಿಗೆ ಗೊತ್ತಿತ್ತು, ಡಾಕ್ಟರು ಕೇಳಿದ್ದು ಚಟಗಳ ಬಗ್ಗೆ. ಡಾಕ್ಟರು ಅವನ ಕಣ್ಣು ಮುಚ್ಚಿಸಿ, ಕೂದಲೆಳೆಯಷ್ಟು ಸಣ್ಣ ದಾರವನ್ನು ಬೆರಳ ತುದಿಗೆ ಮುಟ್ಟಿಸಿದರು. ಪ್ರತಿ ಸಲವೂ ಅವನು ಹೂಂ ಎಂದ. ನಡುಗುವ ಉಕ್ಕಿನ ಕವೆಯನ್ನು ಗೆಣ್ಣಿಗೆ ಇಟ್ಟರು. ನಡುಕ ನಿಂತದ್ದನ್ನು ಅವರಿಗಿಂತ ಮೊದಲು ಇವನೇ ಹೇಳಿದ. ಇವು ಇಪ್ಪತ್ತರ ಹುಡುಗನ ಬೆರಳು ಎಂದು ಡಾಕ್ಟರು ಬೆನ್ನು ತಟ್ಟಿ ಕಳಿಸಿದರು. ಅಷ್ಟೊಂದು ಆರೋಗ್ಯದ ಸುದ್ದಿ ಕೇಳಿ ಅಷ್ಟೊಂದು ಕುಗ್ಗಿಹೋದ ರೋಗಿಯನ್ನು ಆ ಆಸ್ಪತ್ರೆ ಕಂಡಿರಲಿಕ್ಕಿಲ್ಲ.

ಹೊರಗೆ ಬಂದವನು ಅಮೃತಳಿಗೆ ಫೋನು ಮಾಡಿದ. ಅಮೃತ ಹಿರೋಳ್ಳಿಯಲ್ಲಿದ್ದ ಅವನ ಅಕ್ಕನ ಮಗಳು. ಕಲಬುರಗಿಯ ಒಂದು ಪ್ರಯೋಗಾಲಯದಲ್ಲಿ ನಾಲ್ಕು ವರ್ಷದಿಂದ ಸಂಶೋಧನೆ ಮಾಡುತ್ತಿದ್ದಳು. ಅವಳ ಕೆಲಸವೇನೆಂದು ಯಾರಾದರೂ ಕೇಳಿದರೆ ಅಮೋಘಸಿದ್ದ, ಕಣ್ಣಿಗೆ ಕಾಣದ್ದಕ್ಕ ಹೊಟ್ಟಿಗೆ ಹಾಕೂದು, ಎಂದು ಹೇಳುತ್ತಿದ್ದ. ಅವಳು ಗಾಜಿನ ತಟ್ಟೆಗಳಲ್ಲಿ ಜೀವಕೋಶಗಳನ್ನು ಸಾಕುತ್ತಿದ್ದುದರಿಂದ ಅದು ಸುಳ್ಳೂ ಆಗಿರಲಿಲ್ಲ.

ಕ್ಯಾಂಟೀನಿನಲ್ಲಿ ಮಂಡಕ್ಕಿಯ ಸುಸಲಾ ತಿನ್ನುತ್ತ ಅವಳು ಎಲ್ಲ ಕೇಳಿಸಿಕೊಂಡಳು. ಆಮೇಲೆ ತಟ್ಟೆ ಪಕ್ಕಕ್ಕೆ ಸರಿಸಿ ತನ್ನ ಕೆಲಸದ ಮಾತು ತೆಗೆದಳು. ಪ್ರತಿ ಜೀವಕೋಶಕ್ಕೂ ಸುತ್ತ ಒಂದು ಗೋಡೆಯಂಥ ಪೊರೆ ಇರುತ್ತದೆ. ಕಲ್ಲಿನ ಗೋಡೆಯಲ್ಲ, ಕೊಬ್ಬಿನದು, ಬೆಣ್ಣೆಯ ಹಾಗೆ ಮೆತ್ತಗೆ. ಅದರಲ್ಲಿ ಅರ್ಧ ಹೊರಗೆ ಅರ್ಧ ಒಳಗೆ ಸಿಕ್ಕಿಕೊಂಡು ಗ್ರಾಹಕಗಳೆಂಬವು ಕುಳಿತಿರುತ್ತವೆ. ಗಿರಾಕಿಗಳಲ್ಲ, ಸುದ್ದಿ ಹಿಡಿಯುವವು. ಹೊರಗಿನಿಂದ ಏನಾದರೂ ಬಂದು ಅವನ್ನು ಹಿಡಿಯುತ್ತದೆ, ಒತ್ತುತ್ತದೆ. ಬಂದದ್ದು ಒಳಗೆ ಹೋಗಬೇಕಾಗಿಲ್ಲ. ಗ್ರಾಹಕವೇ ಒಂದಿಷ್ಟು ಬಾಗುತ್ತದೆ, ಆ ಬಾಗಿದ್ದನ್ನು ಒಳಗಿರುವವರು ಅರಿತು ಮುಂದಕ್ಕೆ ಸುದ್ದಿ ಮುಟ್ಟಿಸುತ್ತಾರೆ. ರುಚಿ, ವಾಸನೆ, ಸ್ಪರ್ಶ ಎಲ್ಲದರ ಬಾಗಿಲಲ್ಲೂ ಇಂಥವೇ ಕುಳಿತಿವೆ.

ಅಮೋಘಸಿದ್ದ ಸುಸಲಾ ಬಿಟ್ಟು ನೋಡಿದ. “ಅಂದ್ರ ವಲ್ಲಿ ಕೆಳಗ ಕೈ ಹಿಡಿದಂಗ. ಮಾತು ಒಳಗ ಹೋಗೂದಿಲ್ಲ, ಬೆಲಿ ಹೋಗ್ತದ.”

ನಾಲ್ಕು ವರ್ಷದ ಸೆಮಿನಾರುಗಳಲ್ಲಿ ಅಮೃತಳಿಗೆ ಇಷ್ಟು ಚಂದ ಹೇಳಲು ಆಗಿರಲಿಲ್ಲ. ಅದನ್ನು ಮಾಮನಿಗೆ ತಿಳಿಸಿ ಅವನ ತಲೆ ತಿರುಗಿಸುವುದು ಬೇಡವೆಂದು ಮುಂದುವರಿದಳು. ಮೊದಮೊದಲು ಈ ಗ್ರಾಹಕಗಳನ್ನು ಸೋಪಿನಂಥ ನೀರಿನಲ್ಲಿ ತೊಳೆದು, ಪೊರೆಯಿಂದ ಬಿಡಿಸಿ, ಗಾಜಿನ ನಳಿಗೆಯಲ್ಲಿ ಒಂಟಿಯಾಗಿಟ್ಟು ಪ್ರಶ್ನೆ ಕೇಳುತ್ತಿದ್ದರಂತೆ. ಅಲ್ಲಿ ಅದು ಜಾಣ ವಿದ್ಯಾರ್ಥಿಯಂತೆ ಉತ್ತರ ಕೊಡುತ್ತದೆ. ತನ್ನ ಕೋಶದಲ್ಲಿ, ತನ್ನ ಪೊರೆಯಲ್ಲಿ, ನೆರೆಹೊರೆಯವರ ಗದ್ದಲದ ನಡುವೆ ಕೇಳಿದರೆ ಉತ್ತರವೇ ಬೇರೆ. ಕೆಲವನ್ನು ಎಡೆಬಿಡದೆ ಕರೆದರೆ ಓಗೊಡುವುದನ್ನೇ ಬಿಡುತ್ತವೆ, ಕೆಲವನ್ನು ಕೋಶವೇ ಒಳಕ್ಕೆ ಎಳೆದುಕೊಳ್ಳುತ್ತದೆ. ಅದಕ್ಕೇ ಅವಳ ಪ್ರಯೋಗಾಲಯದಲ್ಲಿ ಗ್ರಾಹಕಕ್ಕೆ ಮಿನುಗುವ ಗುರುತು ಕಟ್ಟಿ, ಜೀವಂತ ಕೋಶದಲ್ಲಿ, ಅದರ ಮನೆಯಲ್ಲೇ ಅದನ್ನು ನೋಡುತ್ತಾರೆ.

“ಡಾಕ್ಟರು ನಿನ್ನ ಬೆರಳನ್ನ ಸಂತಿಯಿಂದ ಬಿಡಿಸಿ ತಂದು, ಎ.ಸಿ. ರೂಮಿನ್ಯಾಗ ಒಂಟಿ ಕುಂದರಿಸಿ ಕೇಳ್ಯಾರ ಮಾಮಾ. ಅದು ಅಲ್ಲಿ ಶ್ಯಾಣ್ಯಾನಂಗ ಹೇಳೇದ. ಅದರ ಮನಿ ಸಂತಿ. ನಾ ಅಲ್ಲಿಗೇ ಬರ್ತೇನಿ.”

ಇದರಿಂದ ಅಮೋಘಸಿದ್ದನ ಚಿಂತೆ ಕಡಿಮೆಯಾಯಿತೆಂದು ತಿಳಿಯಬೇಡಿ. ಒಂದು ಚಿಂತೆಯಿದ್ದದ್ದು ಎರಡಾಯಿತು. ದನದ ಸಂತೆಗೆ ಸೋದರಸೊಸೆ ನೋಟ್‌ಬುಕ್ ಹಿಡಿದು ಬಂದರೆ ಜನ ಏನೆಂದಾರು? ಆದರೆ ಮುಂದಿನ ಸಂತೆ ಜೇವರ್ಗಿಯದು, ಮತ್ತು ಆ ದಿನ ನೆಲೋಗಿಯ ಸೈದಪ್ಪ ತನ್ನ ಜೋಡಿ ಎತ್ತು ತರುವವನಿದ್ದ. ಸೈದಪ್ಪನ ಮನೆಗೆ ಟ್ರ್ಯಾಕ್ಟರು ಬಂದಿತ್ತು. ಎತ್ತುಗಳನ್ನು ಒಳ್ಳೆಯ ಮನೆಗೆ ಕಳಿಸಬೇಕು, ಅದೂ ಅಮೋಘಸಿದ್ದನ ಕೈಯಿಂದಲೇ, ಎಂದು ಮುದುಕ ಹಟ ಹಿಡಿದಿದ್ದ. ಗುರುಲಿಂಗಪ್ಪ ಹೇಳಿದ ಆ ಇನ್ನೊಂದು ತಪ್ಪು ಇಲ್ಲೇ ಆದರೆ, ತೀರಿತು.

ಸಂತೆಯ ದಿನ ನರೋಣಾದಿಂದ ಕಲಬುರಗಿ ಮುಟ್ಟುವಷ್ಟರಲ್ಲಿ ಅವನು ಎಣ್ಣೆಯನ್ನು ಒಂದಲ್ಲ, ಮೂರು ಸಲ ಸುರಿದುಕೊಂಡ. ಬಸ್ ಸ್ಟ್ಯಾಂಡಿನಲ್ಲಿ ಅಮೃತ ಸೇರಿಕೊಂಡಳು. ಜೇವರ್ಗಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತು, ನಾಲ್ಕು ಸಲ ಸೀನಿ, ಇಲ್ಲಿ ಯಾರೋ ಹಲ್ಲು ಕೀಳಿಸಿಕೊಂಡು ಬಂದಂತಿದೆ ಎಂದಳು. ಅಮೋಘಸಿದ್ದ ಮುಂದಿನ ಸೀಟಿನ ಮುದುಕಿಯ ಕಡೆ ಕಣ್ಣು ತೋರಿಸಿದ. ವಲ್ಲಿಯಲ್ಲಿ ಸುತ್ತಿದ ಕೈ ಯಾಕೆಂದು ಕೇಳಿದ್ದಕ್ಕೆ ಥಂಡಿ ಎಂದ. ಅದು ಮಾರ್ಚ್ ತಿಂಗಳು.

ಸಂತೆಯಲ್ಲಿ ಅವಳು ಪ್ಯಾರಿಬಿಯ ಚಹಾದ ಅಂಗಡಿಯ ಬೆಂಚಿನ ಮೇಲೆ ಕೂತು ನೋಡತೊಡಗಿದಳು. ಸೈದಪ್ಪನ ಎತ್ತು ಇನ್ನೂ ಬಂದಿರಲಿಲ್ಲ. ಅಮೋಘಸಿದ್ದ ಎರಡು ಸಣ್ಣ ವ್ಯವಹಾರಕ್ಕೆ ಕೈಯಿಟ್ಟ. ಮೊದಲನೆಯ ದಲಾಲ ಕೈ ಬಿಡಿಸಿಕೊಂಡು, ಬೆವರೊರೆಸಿ, ಕಣ್ಣೀರು ಸುರಿಸುತ್ತ ಹೋದ. ಎರಡನೆಯವನು ಮುಕ್ರಮ. ಆಳಂದದವನು, ಹನ್ನೆರಡು ಜನರಲ್ಲಿ ಅಮೋಘಸಿದ್ದನಿಗೆ ನಿಜವಾಗಿ ಹೆದರಿಕೆ ಹುಟ್ಟಿಸುವ ಒಬ್ಬನೇ ಎದುರಾಳಿ. ಅವನೂ ಕಣ್ಣುಜ್ಜಿಕೊಂಡು ಅಳುತ್ತ, ತನ್ನ ಮುಂದಿನ ವ್ಯವಹಾರಕ್ಕೆಂದು ಅಮೋಘಸಿದ್ದನ ಅಗಲವಾದ ವಲ್ಲಿಯನ್ನೇ ಕಡ ತೆಗೆದುಕೊಂಡು ಹೋದ. ಆ ವಲ್ಲಿ ಸಂತೆಗೆಲ್ಲ ಬೇಕಾದದ್ದು. ಎರಡು ಮೊಣಕೈ ಮುಚ್ಚುವಷ್ಟು ದೊಡ್ಡದಾದ್ದರಿಂದ ಕೈಯಿಂದ ಕೈಗೆ ತಿರುಗುತ್ತಿತ್ತು. ಸ್ವಲ್ಪ ಹೊತ್ತಿಗೆ ಮುಕ್ರಮ ಎಲೆಗೆ ಸುಣ್ಣ ಹಚ್ಚಲು ಕೂತ. ಸುಣ್ಣದ ಡಬ್ಬಿ ಬೆರಳಿನಿಂದ ಎರಡು ಸಲ ಜಾರಿ ಬಿತ್ತು. ಯಾರಾದರೂ ಕಂಡರೇನೋ ಎಂದು ಅವನು ಅತ್ತಿತ್ತ ನೋಡಿ, ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡ.

ಅಮೃತ ಎದ್ದು ಬಂದಳು. ವಲ್ಲಿ ತಿರುಗಿ ಬಂದಿತ್ತು. ಅದನ್ನು ಮಾಮನ ಕೈಮೇಲೆ ಹೊದಿಸಿ, ತನ್ನ ಕೈಯನ್ನೂ ಒಳಗಿಟ್ಟು, ಎರಡು ಬೆರಳು ಹಿಡಿದಳು.

“ಎಷ್ಟು ಮಾಮಾ?”

“ಮೂರು.”

ಮತ್ತೆ ಹಿಡಿದಳು. ಅವನು ಮತ್ತೆ ತಪ್ಪಿದ. ಅವಳು ತನ್ನ ಕೈ ಹೊರತೆಗೆದು ಮೂಸಿದಳು, ಬೆರಳ ತುದಿಗಳನ್ನು ಒಂದಕ್ಕೊಂದು ಉಜ್ಜಿ ನೋಡಿದಳು. ಮೊದಲು ಉರಿಯಿತು. ಎರಡು ನಿಮಿಷಕ್ಕೆ ತುದಿಗಳು ಜಡವಾದವು. ಆಮೇಲೆ ಏನು ಹಚ್ಚಿದ್ದೀ ಎಂದು ಕೇಳಿದ ದನಿಯಲ್ಲಿ ಅವನ ತೀರಿಹೋದ ತಾಯಿಯ ದನಿ ಇತ್ತು. ಅಮೋಘಸಿದ್ದ ಒಳಜೇಬಿನ ಬಾಟಲಿಯನ್ನು ತೆಗೆದು ಅವಳ ಕೈಗಿಟ್ಟುಬಿಟ್ಟ.

ಅವಳು ಕೆಳದನಿಯಲ್ಲೇ ಬಿಡಿಸಿ ಹೇಳಿದಳು. ಹಲ್ಲು ನೋವಿಗೆ ಲವಂಗದ ಎಣ್ಣೆ ಯಾಕೆ ಹಚ್ಚುತ್ತಾರೆ? ನರ ಸುದ್ದಿ ಮುಟ್ಟಿಸದಿರಲಿ ಎಂದು. ಮೊದಲು ಚುರುಗುಟ್ಟುತ್ತದೆ, ಹಿಂದೆಯೇ ಮರಗಟ್ಟುತ್ತದೆ. ಮೆಣಸಿನಕಾಯಿಯದು ಇನ್ನೊಂದು ಬಗೆ. ಅದು ಬಿಸಿಯನ್ನು ಅರಿಯುವ ಗ್ರಾಹಕವನ್ನೇ ಹಿಡಿದು ಬೆಂಕಿ ಬೆಂಕಿ ಎಂದು ಕೂಗುತ್ತದೆ. ತಿಂಗಳುಗಟ್ಟಲೆ ಕೂಗಿದರೆ ಅದೂ ಕಿವಿ ಮುಚ್ಚಿಕೊಳ್ಳುತ್ತದೆ. ಮನೆಯಲ್ಲಿ, ಆಸ್ಪತ್ರೆಯಲ್ಲಿ ಎಣ್ಣೆಯಿಲ್ಲ, ಬೆರಳು ಸರಿ. ಸಂತೆಯಲ್ಲಿ ಎಣ್ಣೆಯುಂಟು, ಬೆರಳಿಲ್ಲ.

“ಅಂದ್ರ ನಾ ಎಬ್ಬಸಾಕ ಹೋಗಿ...”

“ಜೋಗುಳ ಹಾಡೀದಿ.”

ಅಮೋಘಸಿದ್ದನಿಗೆ ಹಾಯೆನಿಸಿತು. ರೋಗವಲ್ಲ, ಮುಪ್ಪಲ್ಲ, ಯಾರ ದೃಷ್ಟಿಯೂ ಅಲ್ಲ. ಆ ನೆಮ್ಮದಿ, ಹೆಚ್ಚೆಂದರೆ, ಎತ್ತೊಂದು ಬಾಲ ಬೀಸುವಷ್ಟು ಹೊತ್ತು ಇದ್ದೀತು. ಅಮೃತ ಆಗಲೇ ವಲ್ಲಿಯನ್ನು ಎರಡು ಬೆರಳಿನಿಂದ ಎತ್ತಿ ಹಿಡಿದು, ಇದು ಯಾರ ಯಾರ ಕೈಮೇಲೆ ಬೀಳುತ್ತದೆ ಎಂದು ಕೇಳುತ್ತಿದ್ದಳು.

ಅವನು ಸಂತೆಯ ಕಡೆ ತಿರುಗಿ ನೋಡಿದ. ಬೇವಿನ ಮರದ ಕೆಳಗೆ ಒಬ್ಬ ದಲಾಲ ಅಂಗೈಯನ್ನು ಧೋತರಕ್ಕೆ ತಿಕ್ಕುತ್ತಿದ್ದ. ಇನ್ನೊಬ್ಬ ಬೆರಳು ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ನೋಡಿಕೊಳ್ಳುತ್ತಿದ್ದ. ಗುರುಲಿಂಗಪ್ಪ ಯಾರ ಜೊತೆಗೂ ಕೈಯಿಡದೆ ಒಂದರ ಹಿಂದೊಂದು ಆಕಳಿಸುತ್ತಿದ್ದ. ಎಲ್ಲರ ಬಲಗೈಯೂ ಎಲ್ಲಾದರೂ ಅಡಗಿತ್ತು. ಮೂರು ತಿಂಗಳಿಂದ ಪ್ರತಿಯೊಬ್ಬನೂ ತನ್ನ ಕೈ ಸತ್ತಿತೆಂದು ಒಳಗೊಳಗೇ ಬೆಂದು, ಹೊರಗೆ ಅಮೋಘಸಿದ್ದನ ತಪ್ಪು ಎನ್ನುತ್ತಿದ್ದನೋ ಏನೋ. ಸೈನ್ಯಗಳು ಮಾಡಲಾಗದ್ದನ್ನು ಅವನೊಬ್ಬನೇ, ಒಂದು ಬಾಟಲಿ ಕುಸುಬಿ ಎಣ್ಣೆಯಿಂದ ಮಾಡಿದ್ದ: ಮೂರು ತಾಲೂಕಿನ ಸಮಸ್ತ ದಲಾಲರನ್ನು ನಿಂತಲ್ಲೇ ಮಲಗಿಸಿದ್ದ.

ಆ ಹೊತ್ತಿಗೆ ಸರಿಯಾಗಿ ಸೈದಪ್ಪ ಎತ್ತು ಹೊಡೆದುಕೊಂಡು ಬಂದ. ಹಾಲಿನಂಥ ಬಿಳಿ ಜೋಡಿ. ಹಿಂದೆಯೇ, ಕೊಳ್ಳುವ ರೈತನನ್ನು ಕರೆದುಕೊಂಡು, ಮುಕ್ರಮ.

ಅಮೋಘಸಿದ್ದ ಸ್ವಲ್ಪ ತಾಳಬೇಕೆಂದ. ಪ್ಯಾರಿಬಿ ಕೊಟ್ಟ ಸೋಪು, ಖಾನಾವಳಿಯಿಂದ ತಂದ ಮೊಸರು, ಒಂದು ಹಿಡಿ ಜೋಳದ ಹಿಟ್ಟು, ಇವುಗಳಿಂದ ಅಮೃತ ಹೇಳಿದಂತೆ ಕೈಯನ್ನು ತಿಕ್ಕಿದ, ತೊಳೆದ, ಮತ್ತೆ ತಿಕ್ಕಿದ. ಎಣ್ಣೆ ಹೋಯಿತು, ಮರಗಟ್ಟಿದ್ದು ಹೋಗಲು ಹೊತ್ತು ಬೇಕು ಎಂದಳು. ಸೈದಪ್ಪ ಒಂದು ಸಲ ಬಂದು ಯಾಕೆ ತಡ ಎಂದು ಕೇಳಿ ಹೋದ. ಇನ್ನೊಂದು ಸಲ ಬಂದು ಏನನ್ನೂ ಕೇಳದೆ ನಿಂತು ಹೋದ. ಅದೇ ಹೆಚ್ಚು ಕಷ್ಟವಾಯಿತು. ಅಮೃತ ಹತ್ತು ನಿಮಿಷಕ್ಕೊಮ್ಮೆ ತನ್ನ ದುಪಟ್ಟಾದ ಕೆಳಗೆ ಮಾಮನ ಬೆರಳು ಹಿಡಿಯುತ್ತಿದ್ದಳು. ತಪ್ಪು. ತಪ್ಪು. ಅರ್ಧ ಸರಿ. ಬಿಸಿಲು ಬೇವಿನ ಮರದ ಇನ್ನೊಂದು ಮಗ್ಗುಲಿಗೆ ಸರಿದ ಮೇಲೆ ಒಮ್ಮೆ ಸರಿ, ಮತ್ತೊಮ್ಮೆ ಸರಿ. ಉರಿ ಇನ್ನೂ ಇತ್ತು. ಆದರೆ ಉರಿಯ ಕೆಳಗಿನಿಂದ, ಬಾವಿಯ ತಳದಿಂದ ಯಾರೋ ಕೂಗಿದಂತೆ, ಬೆರಳುಗಳು ಮಾತಾಡತೊಡಗಿದವು.

ಹೋಗಿ ಮುಗಿಸು ಎಂದಳು ಅಮೃತ. ಅವನು ಏಳಲಿಲ್ಲ. ಮುಕ್ರಮನ ಕೈಯನ್ನೇ ನೋಡುತ್ತಿದ್ದ. ಅದಿನ್ನೂ ಕಂಕುಳಲ್ಲೇ ಇತ್ತು.

ತನ್ನ ಬೆರಳು ಎದ್ದಿವೆ, ಅವನವು ಮಲಗಿವೆ. ಮೂವತ್ತು ವರ್ಷದಲ್ಲಿ ಇಂಥ ಯುದ್ಧ ಒದಗಿರಲಿಲ್ಲ. ಬೇಕಾದ ಬೆಲೆಗೆ ಒಪ್ಪಿಸಿಬಿಡಬಹುದು. ಆದರೆ ಮಲಗಿದ ಕೈ ತಾನೇನು ಹಿಡಿದೆ ಎಂಬುದನ್ನೂ ತಿಳಿಯುವುದಿಲ್ಲ. ಎರಡು ಹಿಡಿಯಲು ಹೋಗಿ ಮೂರು ಹಿಡಿದೀತು. ಹಗ್ಗ ಕೈ ಬದಲಾಗುವ ಹೊತ್ತಿಗೆ ಮತ್ತೆ ಅದೇ ಜಗಳ, ಸೈದಪ್ಪನ ಎತ್ತು ಮತ್ತೆ ನೆಲೋಗಿಗೆ, ತನ್ನ ಹೆಸರು ಮಣ್ಣಿಗೆ. ಹೇಳಿಬಿಟ್ಟರೆ? ಮೂರು ತಿಂಗಳು ತನ್ನ ಕೈಗೆ ವಿಷ ಹಚ್ಚಿದವನಿಗೆ ಯಾವ ದಲಾಲ ಮತ್ತೆ ಕೈ ಕೊಟ್ಟಾನು? ಹೇಳಿದರೂ ಮುಗಿಯಿತು, ಹೇಳದಿದ್ದರೂ ಮುಗಿಯಿತು. ವ್ಯತ್ಯಾಸ ಇಷ್ಟೇ. ಹೇಳದಿದ್ದರೆ ಸೈದಪ್ಪನೂ ಜೊತೆಗೆ ಮುಳುಗುತ್ತಾನೆ.

ಎದ್ದು ಹೋಗಿ ಮುಕ್ರಮನನ್ನು ಪ್ಯಾರಿಬಿಯ ಅಂಗಡಿಯ ಹಿಂದಕ್ಕೆ ಕರೆದ. ಬಾಟಲಿ ತೋರಿಸಿದ. ಎಲ್ಲವನ್ನೂ, ಥಂಡಿ ಮುಂಜಾನೆಯಿಂದ ಹಿಡಿದು ಡಾಕ್ಟರ ದಾರದವರೆಗೆ, ಹೇಳಿದ. ಹೇಳುವಾಗ ಬೇವಿನ ಮರ ನೋಡಲಿಲ್ಲ, ಆಕಳಿಸಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ಮುಕ್ರಮನ ಮುಖವನ್ನೇ ನೋಡಿದ. ಆ ಮುಖಕ್ಕೆ ಎಡಗಣ್ಣಿನ ಕೆಳಗೊಂದು ಮಚ್ಚೆಯಿರುವುದು ಅವನಿಗೆ ಅವತ್ತೇ ಗೊತ್ತಾದದ್ದು.

ಮುಕ್ರಮ ಕಂಕುಳಿನಿಂದ ಕೈ ಹೊರತೆಗೆದು, ಅದು ಬೇರೆಯವರದೇನೋ ಎಂಬಂತೆ ತಿರುಗಿಸಿ ನೋಡಿದ.

“ಕಲಬುರಗಿಗೆ ನಾನೂ ಹೋಗಿ ಬಂದೇನಿ,” ಎಂದ. “ಜವಾನ್ ಹುಡುಗನ ಬೆರಳು ಅಂದ್ರು. ಮನ್ಯಾಗ ಹೇಳಿಲ್ಲ. ರೊಟ್ಟಿ ಮುರಿಯಾಗ ಕೈ ಜಾರಿದ್ರ, ಈ ಮನುಷ್ಯಾಗ ಏನ್ ದುಃಖ ಅದಂತ ನನ್ನ ಹೆಂಡ್ತಿ ಶಮ್ಸುನ್ನಿಸಾ ಅಳಾಕ ಶುರು ಮಾಡ್ತಾಳ. ಸಂತಿಯಿಂದ ಹೋದ್ರ ನನ್ನ ಕಣ್ಣು ಮೊದಲೇ ಕೆಂಪು. ಮೂರು ತಿಂಗಳಾತು ಅಮೋಘಣ್ಣ, ನಮ್ಮನಿ ಸಾವಿನ ಮನಿಯಂಗ, ಮಾತಮ್ ಮನಿಯಾಗೇದ.”

ಅಮೋಘಸಿದ್ದ ತಪ್ಪಾಯಿತೆಂದ. ಮುಕ್ರಮ ಅವನಿಗೆ ಉರ್ದುವಿನಲ್ಲಿ ಒಂದು, ಕನ್ನಡದಲ್ಲಿ ಎರಡು ಬೈಗುಳ ಬೈದ. ಮೂರೂ ಅರ್ಹವಾದವೇ. ಅಮೋಘಸಿದ್ದ ತಲೆ ಬಗ್ಗಿಸಿಕೊಂಡು, ಇನ್ನೇನು ಈತ ಹೊರಗೆ ಹೋಗಿ ಕೂಗಿ ಹೇಳುತ್ತಾನೆ ಎಂದು ಕಾಯುತ್ತ ನಿಂತ.

“ಸೋಪು ಎಲ್ಲದ?” ಎಂದ ಮುಕ್ರಮ.

ಮತ್ತೆ ಮೊಸರು, ಮತ್ತೆ ಜೋಳದ ಹಿಟ್ಟು. ಇಬ್ಬರು ಮಹಾರಥಿಗಳು ಚಹಾದ ಅಂಗಡಿಯ ಹಿಂದೆ ಕುಕ್ಕುರುಗಾಲಲ್ಲಿ ಕೂತು ಹಿಟ್ಟು ನಾದುವ ಹೆಂಗಸರಂತೆ ಕೈ ತಿಕ್ಕಿಕೊಳ್ಳುವುದನ್ನು ಸೈದಪ್ಪನೂ ಕೊಳ್ಳುವ ರೈತನೂ ದೂರದಿಂದ ನೋಡಿದರು. ದೊಡ್ಡ ಬೆಲೆಗೆ ಮುಂಚೆ ಇಂಥ ಶಾಸ್ತ್ರವೂ ಇರುತ್ತದೇನೋ ಎಂದುಕೊಂಡು ಸುಮ್ಮನಾದರು. ಸಂತೆ ಖಾಲಿಯಾಗತೊಡಗಿತ್ತು. ಕೊಳ್ಳುವ ರೈತ ಹೊತ್ತು ನೋಡತೊಡಗಿದ. ಅಮೃತ ಈಗ ಇಬ್ಬರ ಬೆರಳನ್ನೂ ಪರೀಕ್ಷಿಸುತ್ತಿದ್ದಳು. ಮುಕ್ರಮ ಅವಳನ್ನು ಬೇಟಿ ಎಂದು ಕರೆದು, ತಪ್ಪು ಉತ್ತರ ಕೊಟ್ಟಾಗಲೆಲ್ಲ ಅವಳ ಬದಲು ಅಮೋಘಸಿದ್ದನನ್ನು ಗುರಾಯಿಸುತ್ತಿದ್ದ.

ಕಡೆಗೆ ಎತ್ತುಗಳ ನೆರಳು ಎತ್ತುಗಳಿಗಿಂತ ಉದ್ದವಾದಾಗ ಮುಕ್ರಮ ಎದ್ದ. ತನ್ನ ಹೆಗಲ ಮೇಲಿನ ರುಮಾಲನ್ನು ಬಿಚ್ಚಿ, ಸೈದಪ್ಪನ ಎತ್ತುಗಳ ಮುಂದೆ ನಿಂತು, ಬಲಗೈ ಚಾಚಿದ. ಅದು ಒಂದು ಕ್ಷಣ ಗಾಳಿಯಲ್ಲಿ ಒಂಟಿಯಾಗಿ ನಿಂತಿತು.

“ಕೈ ಕೊಡಲೇ,” ಎಂದ. “ಬಸ್ ಹೋಗ್ತದ.”

ಅಮೋಘಸಿದ್ದ ಕೊಟ್ಟ. ರುಮಾಲಿನ ಕೆಳಗೆ ಕತ್ತಲೆ, ಮೊಸರಿನ ವಾಸನೆ, ಉರಿ. ಮುಕ್ರಮ ಹಿಡಿದ. ಎರಡು ಬೆರಳು? ಎರಡು. ಗೆಣ್ಣು? ಒತ್ತಿದನೋ, ಒತ್ತಿದಂತಾಯಿತೋ? ಎಲ್ಲ ಮಹಾರಥಿಗಳೂ ಇಲ್ಲಿ ಬೇವಿನ ಮರ ನೋಡುತ್ತಾರೆ. ತಿಳಿದವನಂತೆ ತಲೆಯಾಡಿಸುತ್ತಾರೆ. ಯಾವ ದಲಾಲನೂ ಹಿಡಿದದ್ದನ್ನು ತಿರುಗಿ ಕೇಳುವುದಿಲ್ಲ. ಕೇಳಿದರೆ ಕೈ ಕೆಟ್ಟಿದೆ ಎಂದು ಒಪ್ಪಿದಂತೆ. ಅಮೋಘಸಿದ್ದ ಕೇಳಿದ. ತನಗೆ ತಿಳಿದದ್ದನ್ನು ಮುಕ್ರಮನ ಬೆರಳ ಮೇಲೆ ಹಾಗೇ ಮರಳಿ ಒತ್ತಿದ: ಎರಡು, ಅರ್ಧ, ಹೌದೇನು? ಮುಕ್ರಮನ ಕೈ ಒಂದಿಷ್ಟು ಬೆಚ್ಚಿತು. ಆಮೇಲೆ ಅದೇ ಎರಡು, ಅದೇ ಅರ್ಧ, ಈ ಸಲ ಮೂಳೆಗೆ ಮುಟ್ಟುವ ಹಾಗೆ. ಹೌದು. ಇದು ಕಡಿಮೆ ಎಂದು ಅಮೋಘಸಿದ್ದ ಮೂರನೆಯ ಬೆರಳು ಹಿಡಿದ. ಮುಕ್ರಮ ಅದನ್ನು ಮರಳಿಸಿ ಕೇಳಿದ. ಹೀಗೆ ಕೊಟ್ಟದ್ದನ್ನೆಲ್ಲ ತಿರುಗಿ ಕೇಳುತ್ತ, ಕೇಳಿದ್ದನ್ನೆಲ್ಲ ಖಾತ್ರಿ ಮಾಡುತ್ತ, ಎಂದೂ ಇಲ್ಲದಷ್ಟು ಹೊತ್ತು ಆ ರುಮಾಲು ಅಲುಗಾಡಿತು. ಸುತ್ತ ನಿಂತವರು ಎಂಥ ಕಠಿಣ ವ್ಯವಹಾರವಪ್ಪಾ ಎಂದು ಉಸಿರು ಬಿಗಿಹಿಡಿದರು.

ಕೈಗಳು ಹೊರಬಂದವು. ಯಾರೂ ಕಣ್ಣೊರೆಸಿಕೊಳ್ಳಲಿಲ್ಲ. ಅಮೋಘಸಿದ್ದ ಸೈದಪ್ಪನ ಕಿವಿಗೆ ಬಾಗಿ ಬೆಲೆ ಹೇಳಿದ. ಆ ಕಡೆ ಮುಕ್ರಮ ತನ್ನ ರೈತನ ಕಿವಿಗೆ ಹೇಳಿದ.

ಸೈದಪ್ಪ ಅಮೋಘಸಿದ್ದನನ್ನು ನೋಡಿದ. ತಪ್ಪುಗಳ ಸುದ್ದಿ ಮುದುಕನಿಗೂ ಮುಟ್ಟಿರಬೇಕು. “ಬರಾಬರ್ ಅದನಪಾ?” ಎಂದು ಕೇಳಿದ. ಮೂವತ್ತು ವರ್ಷದಲ್ಲಿ ಅವನನ್ನು ಯಾರೂ ಹೀಗೆ ಕೇಳಿರಲಿಲ್ಲ.

“ಎರಡು ಸಲ ಕೇಳೇನಿ ಕಾಕಾ. ಬರಾಬರ್ ಅದ್ರಿ.”

ಸೈದಪ್ಪ ಹೋಗಿ ಕೊಳ್ಳುವ ರೈತನ ಎದುರು ನಿಂತು, ಎಲ್ಲರಿಗೂ ಕೇಳುವಂತೆ ಬೆಲೆ ಹೇಳಿದ. ರೈತ ಅದೇ ಬೆಲೆಗೆ ಹೂಂಗುಟ್ಟಿದ. ಮುದುಕ ಎತ್ತುಗಳ ಗಂಗೆದೊಗಲನ್ನು ಒಂದೊಂದು ಸಲ ಸವರಿ, ಹಗ್ಗವನ್ನು ಅವನ ಕೈಗಿತ್ತ.

ಆಗ ಗುರುಲಿಂಗಪ್ಪ, ಬಲಗೈ ಕಂಕುಳಲ್ಲಿಟ್ಟುಕೊಂಡು, ಇವರ ಕಡೆಗೇ ನಡೆದು ಬಂದ. ಕಡೆಯ ಒಂದು ವ್ಯವಹಾರ ಉಳಿದಿದೆ, ಆ ದೊಡ್ಡ ವಲ್ಲಿ ಬೇಕಾಗಿತ್ತು ಎಂದ. ಅಮೋಘಸಿದ್ದ ಮುಕ್ರಮನನ್ನು ನೋಡಿದ. ಮುಕ್ರಮ ಅಮೃತಳ ಕೈಯಿಂದ ಸೋಪನ್ನು ತೆಗೆದುಕೊಂಡು ಅಮೋಘಸಿದ್ದನ ಅಂಗೈಯಲ್ಲಿಟ್ಟ. ಹೇಳಬೇಕಾದವರು ಇನ್ನೂ ಹತ್ತು ಜನ. ಅಮೋಘಸಿದ್ದ ಪ್ಯಾರಿಬಿಯ ಬೆಂಚಿನ ಮೇಲಿನ ಧೂಳನ್ನು ಎಡಗೈಯಿಂದ ಒರೆಸಿದ.

“ಗುರುಲಿಂಗಪ್ಪ ಕಾಕಾ,” ಎಂದ, “ಮೊದಲ ಇಲ್ಲಿ ಕುಂದರ್ರಿ.”